ಶಹಾಪುರದ ಸಪ್ಪಳ, ಪೋರ್ಚುಗಲ್ಲಿನ ನಾಯಿ

ನಮ್ಮ ಮಾಮಾನ ತಲೆ ಸರಿ ಇಲ್ಲವೆಂದು ನಾನು ಹೇಳುವುದಿಲ್ಲ. ಅದನ್ನು ಹೇಳಲು ಬೆಳಗಾವಿಯ ನಮ್ಮ ಶಹಾಪುರದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರ ಕೆಲಸವನ್ನು ನಾನೇಕೆ ಕಸಿದುಕೊಳ್ಳಲಿ? ನಾನು ಕೇಳುವುದು ಇಷ್ಟೇ. "ಹತ್ತಿ ಧೂಳಿನಿಂದ ದೂರ ಇರ್ರಿ, ಎಲ್ಲೆರ ಸಮುದ್ರದ ಗಾಳಿ ಬೀಸೂ ಊರಾಗ ಹೋಗಿ ಇರ್ರಿ" ಎಂದು ಡಾಕ್ಟರು ಹೇಳಿದರೆ ಬೆಳಗಾವಿಯ ಮನುಷ್ಯ ಎಲ್ಲಿಗೆ ಹೋಗಬೇಕು? ಮುಂಜಾನೆ ನಾಷ್ಟಾ ಮಾಡಿ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಗೋವಾ ಬರುತ್ತದೆ. ಇನ್ನೂ ಸ್ವಲ್ಪ ಕುಳಿತರೆ ಕಾರವಾರ. ನಮ್ಮ ಮಾಮಾ ಪೋರ್ಚುಗಲ್ಲಿಗೆ ಹೋದ. ಒಬ್ಬನೇ ಹೋಗಲಿಲ್ಲ. ನಾಯಿಯನ್ನೂ ಕರೆದುಕೊಂಡು ಹೋದ.

"ಗೋವಾ ಯಾಕ ಬ್ಯಾಡ ಮಾಮಾ?" ಎಂದು ನಾನು ಕೇಳದೆ ಬಿಡಲಿಲ್ಲ.

"ಆಯ್ತವಾರ ಗೋವಾದಾಗ ಸಮುದ್ರ ಎಲ್ಲೆ ಕಾಣಸತೈತಿ? ಬರೇ ಬೆಳಗಾವಿ ಮಂದಿ ಕಾಣಸ್ತಾರ. ಒಬ್ಬೊಬ್ಬರ ಮುಂದ ನನ್ನ ಎದಿ ಹಕೀಕತ್ ಹೇಳಕೋತ ಕುಂದರ್ಲೇನು? ಹೇಳಿ ಹೇಳಿನ ದಮ್ ಹತ್ತತೈತಿ."

ಬೆಳಗಾವಿಯವರಿಂದ ತಪ್ಪಿಸಿಕೊಳ್ಳಲು ಅಷ್ಟು ದೂರ ಹೋದನಲ್ಲ, ಹೋಗಿ ಯಾರ ಮನೆಯ ಬಾಡಿಗೆ ಖೋಲಿಯಲ್ಲಿ ಇಳಿದ? ಖಾನಾಪುರದಲ್ಲಿ ಹುಟ್ಟಿ ಬೆಳೆದ ಒಬ್ಬ ಬಾಯಿಯ, ಅಂದರೆ ಮರಾಠಿ ಹೆಣ್ಣುಮಗಳ, ಮನೆಯಲ್ಲಿ. ಮಾಮಾನ ಹಳೆಯ ಗೆಳೆಯನ ತಂಗಿ ಆಕೆ. ಮದುವೆಯಾಗಿ ಆ ದೇಶಕ್ಕೆ ಹೋಗಿ, ಸಮುದ್ರದ ಎದುರಿಗೇ ಮನೆ ಮಾಡಿಕೊಂಡಿದ್ದಾಳೆ. ಮೊದಲ ದಿನವೇ ಆಕೆ ಬಾಗಿಲಲ್ಲಿ ನಿಂತು ಮರಾಠಿಯಲ್ಲಿ, ಎದೆಗೆ ಏನಾಗಿದೆ, ಯಾವಾಗಿನಿಂದ, ಯಾವ ಡಾಕ್ಟರು ಎಂದು ಒಂದೊಂದಾಗಿ ಕೇಳಿದಳಂತೆ. ಮಾಮಾ ಎಲ್ಲವನ್ನೂ ಹೇಳಿದ. ದಮ್ಮು ಹತ್ತಿತು.

ನಾನು ಈಗ ಇದನ್ನು ಬರೆಯುತ್ತಿರುವುದು ನಮ್ಮ ಷೆಡ್ಡಿನ ಹೊರಗಿನ ಕಟ್ಟೆಯ ಮೇಲೆ ಕುಳಿತು. ಒಳಗೆ ಮಗ್ಗ ನಡೆದಿರುವಾಗ ಮಾಲಕ ಹೊರಗೆ ಕುಳಿತು ಬರೆಯುವುದು ಶಹಾಪುರದಲ್ಲಿ ಶೋಭೆಯ ಮಾತಲ್ಲ. ಯಾಕೆ ಕುಳಿತಿದ್ದೇನೆ ಎನ್ನುವುದಕ್ಕೂ ಮಾಮಾನೇ ಕಾರಣ, ಅದಕ್ಕೆ ಬರುತ್ತೇನೆ.

ಮಾಮಾ ಎಂದರೆ ನಮ್ಮ ಅವ್ವನ ಕೊನೆಯ ತಮ್ಮ. ಅರವತ್ತರ ಹತ್ತಿರ ಬಂದಿದ್ದಾನೆ, ಮದುವೆಯಾಗಲಿಲ್ಲ. ನಮ್ಮ ಪವರ್‌ಲೂಮ್ ಷೆಡ್ಡಿನಲ್ಲಿ ಅರ್ಧ ಪಾಲು ಅವನದು, ಅರ್ಧ ನನ್ನದು. ದುಡಿಮೆಯ ಲೆಕ್ಕ ಕೇಳಿದರೆ ಮಾತ್ರ ನನ್ನ ಪಾಲು ಸ್ವಲ್ಪ ಹೆಚ್ಚು. ನಾನು ಆರನೆಯ ಇಯತ್ತೆಗೆ ಶಾಲೆ ಬಿಟ್ಟು ಮಗ್ಗದ ಮುಂದೆ ನಿಂತವನು. ಇಂದಿನವರೆಗೂ ಯಾರ ಮುಂದೆಯೂ ಕೈ ಚಾಚಿಲ್ಲ, ಮೈ ಸರಿ ಇಲ್ಲವೆಂದು ಒಂದು ದಿನವೂ ಮಲಗಿಲ್ಲ. ಮಾಮಾ ಸೀರೆಯ ದಡಿ, ಸೆರಗಿನ ನಕಾಶೆ ಬರೆಯುವವನು. ಮೊದಲು ಚೌಕದ ಕಾಗದದ ಮೇಲೆ ಬರೆಯುತ್ತಿದ್ದ. ಕೂದಲು ಬೆಳ್ಳಗಾದ ಮೇಲೆ ಕಂಪ್ಯೂಟರ್ ಕಲಿತ. ಸೂರತ್ತಿನ ದೊಡ್ಡ ಗಿರಣಿಗಳಿಗೂ ಅವನ ದಡಿಗಳು ಹೋಗತೊಡಗಿದವು. ಕಂಪ್ಯೂಟರ್ ಶಹಾಪುರದಲ್ಲಿ ಇದ್ದರೇನು, ಸಮುದ್ರದ ದಂಡೆಯಲ್ಲಿ ಇದ್ದರೇನು? ಹಾಗೆ ಎಲ್ಲಿಂದ ಬೇಕಾದರೂ ಕೆಲಸ ಮಾಡುವವರಿಗೆ ಆ ದೇಶದಲ್ಲಿ ಬೇರೆಯೇ ಒಂದು ವೀಸಾ ಇದೆಯಂತೆ. ರಾಮತೀರ್ಥ ನಗರದಲ್ಲಿದ್ದ ಪ್ಲಾಟು ಮಾರಿ, ವೀಸಾ ಮಾಡಿಸಿ, ನಾಯಿಗೆ ಸೂಜಿ ಹಾಕಿಸಿ, ಅದಕ್ಕೊಂದು ಪೆಟ್ಟಿಗೆ ಮಾಡಿಸಿ ಹೊರಟೇಬಿಟ್ಟ.

ಅವನ ಕಿವಿಯ ವಿಷಯ ಹೇಳದಿದ್ದರೆ ಮುಂದಿನದು ಯಾವುದೂ ತಿಳಿಯುವುದಿಲ್ಲ. ಷೆಡ್ಡಿನ ಒಳಗೆ ನಿಂತರೆ ನಮಗೆ ಪಕ್ಕದವನ ಮಾತು ಕೇಳಿಸುವುದಿಲ್ಲ. ಎಲ್ಲ ಮಗ್ಗಗಳೂ ಸೇರಿ ತಗಡಿನ ಮೇಲೆ ಕಲ್ಲು ಸುರಿದಂತೆ ಸಪ್ಪಳ. ಮಾಮಾ ಹೊರಗೆ ಚಹಾ ಕುಡಿಯುತ್ತ ಕುಳಿತು, ಆ ಗದ್ದಲದೊಳಗಿನಿಂದ ಒಂದು ಸಪ್ಪಳವನ್ನು ಕೂದಲು ಎಳೆದ ಹಾಗೆ ಎಳೆದು ತೆಗೆಯುತ್ತಿದ್ದ. "ನಡುವಿನ ಮಗ್ಗದ ನಟ್ಟ ಸಡಲ ಆಗೇತಿ ನೋಡ್" ಎನ್ನುತ್ತಿದ್ದ. ಹೋಗಿ ನೋಡಿದರೆ ಆಗಿರುತ್ತಿತ್ತು. ಒಮ್ಮೆ, "ಕೊನೀ ಮಗ್ಗದಾಂವ ಇವತ್ತ ಹೆಂಡತಿ ಕೂಡ ಜಗಳಾಡಿ ಬಂದಾನ" ಎಂದ. ನಾನು ಆ ನೇಕಾರನನ್ನು ಕೇಳಿದೆ. ಆತ ಗಾಬರಿಯಾಗಿ, "ನಿಮಗ ಹೆಂಗ ಗೊತ್ತಾತ್ರೀ? ಆಕಿ ಫೋನ್ ಮಾಡಿದ್ಳೇನ್ರೀ?" ಎಂದ. ಮಗ್ಗವನ್ನು ಜಗ್ಗಿ ಶುರು ಮಾಡಿದ ರೀತಿಯಿಂದ ಮಾಮಾನಿಗೆ ತಿಳಿದಿತ್ತು.

ಇಷ್ಟು ಸೂಕ್ಷ್ಮದ ಮನುಷ್ಯ ತನ್ನ ಎದೆಯ ಸಪ್ಪಳವನ್ನು ಮಾತ್ರ ಕೇಳಿಸಿಕೊಳ್ಳಲಿಲ್ಲ. ಒಣ ಕೆಮ್ಮು ಬಂದಾಗ ಬೆಲ್ಲ ತಿಂದ, ಲವಂಗ ತಿಂದ. ಕೊನೆಗೆ ಮಾಳಿಗೆಯ ಮೆಟ್ಟಿಲು ಹತ್ತಲು ನಡುವೆ ಎರಡು ಸಲ ಕೂರುವ ಹಾಗಾದಾಗ ಡಾಕ್ಟರ ಹತ್ತಿರ ಹೋದ. ವರ್ಷಗಟ್ಟಲೆ ಸೇರಿದ ಹತ್ತಿಯ ಧೂಳು. ಡಾಕ್ಟರು ನನ್ನನ್ನು ಬೇರೆ ಕರೆದು ಹೇಳಿದರು: "ಹೋದದ್ದು ಹೋತು, ಅದು ತಿರುಗಿ ಬರೂದಿಲ್ಲ. ಉಳದದ್ದನ್ನ ಉಳಿಸಿಕೋಬೇಕು. ಇನ್ನೊಮ್ಮೆ ಆ ಷೆಡ್ಡಿನ್ಯಾಗ ಹೋಗಿ ಕುಂತ್ರ ಅಂದ್ರ ನನ್ನ ಕಡೆ ಕರಕೊಂಡ ಬರಬ್ಯಾಡ್ರಿ." ಆ ಮಾತು ನನ್ನ ತಲೆಯಲ್ಲಿ ಮೊಳೆ ಹೊಡೆದಂತೆ ಕುಳಿತುಬಿಟ್ಟಿತು. ಮಾಮಾ ಎಲ್ಲಿಯಾದರೂ ಇರಲಿ, ಷೆಡ್ಡಿಗೆ ಮಾತ್ರ ತಿರುಗಿ ಬರಬಾರದು.

ಇನ್ನು ನಾಯಿ. ಅದರ ಹೆಸರು ಲಾಳಿ. ನನ್ನ ಹೆಂಡತಿಯ ತವರು ಖಾನಾಪುರ. ಅಲ್ಲಿ ಅವಳ ಅಣ್ಣನ ಮನೆಯ ವಾಸ್ತುಶಾಂತಿಗೆ ಹೋದಾಗ, ಊಟದ ಎಲೆ ಎಸೆಯುವ ಜಾಗದಲ್ಲಿ ಒಂದು ಮರಿ ಸಿಕ್ಕಿತ್ತು. ಉಳಿದವರೆಲ್ಲ ಆಹೇರಿ ಎಂದು ಕೊಟ್ಟ ಟೊಪ್ಪಿಗೆ, ಟವೆಲ್ಲು ಹಿಡಿದುಕೊಂಡು ಮನೆಗೆ ಬಂದರೆ ಮಾಮಾ ನಾಯಿಮರಿ ಹಿಡಿದುಕೊಂಡು ಬಂದ. ಷೆಡ್ಡಿನ ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ ಮಗ್ಗದ ಲಾಳಿಯಂತೆಯೇ ಓಡುತ್ತಿದ್ದರಿಂದ ಆ ಹೆಸರು. ಬಾಗಿಲ ಹತ್ತಿರದ ಮಗ್ಗದ ಕೆಳಗೆ ಅದರ ಹಾಸಿಗೆ. ಮಗ್ಗ ನಡೆದಿದ್ದರೆ ಸತ್ತಂತೆ ಮಲಗುತ್ತಿತ್ತು. ಕರೆಂಟು ಹೋಗಿ ಮಗ್ಗ ನಿಂತರೆ, ಮನೆಗೆ ಕಳ್ಳ ಬಂದಂತೆ ಎದ್ದು ಕೂರುತ್ತಿತ್ತು.

ಅಂಥ ನಾಯಿಯನ್ನು ಒಯ್ದು, ಗಾಳಿ ಬಿಟ್ಟರೆ ಬೇರೆ ಸಪ್ಪಳವಿಲ್ಲದ ಊರಲ್ಲಿ ಮಲಗು ಎಂದರೆ ಹೇಗೆ ಮಲಗೀತು?

ಅವನು ಹೋದ ಒಂದು ವಾರದಲ್ಲೇ ಫೋನು ಬಂತು. ನಮ್ಮಲ್ಲಿ ಮುಂಜಾನೆ, ಅಲ್ಲಿ ನಡುರಾತ್ರಿ ದಾಟಿತ್ತು. ಹಿಂದೆ ನಾಯಿಯ ಊಳು ಕೇಳುತ್ತಿತ್ತು. ಅದರ ಜೊತೆಗೆ ಮಾಮಾನ ಉಸಿರು. ಅದು ಒಳಗೆ ಹೋಗುವಾಗ ಸಣ್ಣದಾಗಿ ಶೀಟಿ ಹೊಡೆಯುತ್ತದೆ, ಫೋನಿನಲ್ಲಿಯೂ ಕೇಳಿಸುತ್ತದೆ.

"ಅಳಿಯಾ, ಲಾಳಿ ಮಲಗವಲ್ದೊ. ರಾತ್ರಿಯೆಲ್ಲಾ ಒದರತೈತಿ. ಮನಿ ಬಾಯಿ ಹೇಳಿಬಿಟ್ಟಾಳ, ನಾಯಿ ಬಾಯಿ ಮುಚ್ಚಬೇಕು, ಇಲ್ಲಂದ್ರ ಖೋಲಿ ಬಿಡಬೇಕು."

"ನಾಯಿನ್ನ ಬ್ಯಾರೆ ಯಾರಿಗೆರ ಕೊಡು."

"ನಿನ್ನ ಬೇಕಾದ್ರ ಕೊಟ್ಟೇನು, ಲಾಳಿನ್ನ ಕೊಡೂದಿಲ್ಲ. ಖೋಲಿ ಬಿಟ್ಟ ವಾಪಸ್ ಬರ್ತೇನಿ. ಷೆಡ್ಡಿನ್ಯಾಗ ನಾನೂ ಮಲಗತೇನಿ, ಅದೂ ಮಲಗತೈತಿ."

ನನಗೆ ಡಾಕ್ಟರ ಮಾತು ನೆನಪಾಯಿತು. ಫೋನು ಕಿವಿಗೆ ಹಚ್ಚಿಕೊಂಡೇ ಷೆಡ್ಡಿನೊಳಗೆ ಹೋದೆ. ಮಗ್ಗಗಳು ಆಗಷ್ಟೇ ಶುರುವಾಗಿದ್ದವು. ಅತ್ತ ಊಳು ನಿಂತಿತು. ಮಾಮಾ ಪಿಸುಗುಟ್ಟಿದ: "ಅಲ್ಲೇ ನಿಂದರು. ಅಲ್ಲಾಡಬ್ಯಾಡ. ಮಲಗಾಕತ್ತೇತಿ."

ಅಂದಿನಿಂದ ನಮ್ಮ ಷೆಡ್ಡಿಗೆ ಹೊಸ ಕೆಲಸ ಬಂತು: ಸೀರೆ ನೇಯುವುದು, ಜೊತೆಗೆ ಪರದೇಶದ ಒಂದು ನಾಯಿಯನ್ನು ಮಲಗಿಸುವುದು. ಹಳೆಯ ಫೋನೊಂದನ್ನು ಬಾಗಿಲ ಹತ್ತಿರದ ಮಗ್ಗದ ಮೇಲೆ ಗೂಟಕ್ಕೆ ಕಟ್ಟಿ, ಚಾರ್ಜರಿನ ವಾಯರು ಸಿಗಿಸಿದೆ. ಮುಂಜಾನೆ ಮಗ್ಗ ಶುರು ಮಾಡುವ ಮೊದಲು ಮಾಮಾನಿಗೆ ಫೋನು ಹಚ್ಚುವುದು. ಮಧ್ಯಾಹ್ನ ಅಲ್ಲಿ ಬೆಳಗಾಗುವತನಕ ಅದು ಹಾಗೆಯೇ ಚಾಲೂ ಇರಬೇಕು. ನೇಕಾರರು ಬಿಡುತ್ತಾರೆಯೇ? ಒಬ್ಬ ದಿನವೂ ಫೋನಿನ ಮುಂದೆ ನಿಂತು, "ಲಾಳಿ ಸಾಹೇಬ್ರ, ಮಕ್ಕೊಂಡ್ರ್ಯಾ? ಮಾಲಕ್ರಿಗೆ ನಮ್ಮ ಪಗಾರದ್ದೊಂದೀಟು ನೆನಪ ಮಾಡ್ರಿ" ಎಂದು ಕೈಮುಗಿದು ಕೆಲಸಕ್ಕೆ ಹತ್ತುತ್ತಿದ್ದ.

ಕೆಲವು ದಿನಗಳಲ್ಲೇ ನನಗೆ ಸಂಶಯ ಶುರುವಾಯಿತು. ಮಲಗಿದ್ದು ನಾಯಿ, ಆದರೆ ಮಾತು ಬರುತ್ತಿದ್ದುದು ಮಾಮಾನದು. ಸಪ್ಪಳದ ನಡುವೆ ಗೂಟದಿಂದ ಇದ್ದಕ್ಕಿದ್ದಂತೆ ದನಿ: "ಲೇ, ಬಾಗಲದ ಬಾಜೂಕಿನ ಮಗ್ಗಕ್ಕ ಎಣ್ಣಿ ಹಾಕಿಲ್ಲೇನು?" ಮತ್ತೊಮ್ಮೆ: "ಮೂಗಿಗೆ ಅರಿವಿ ಕಟಗೊಂಡಿಯೇನು?"

"ಕಟಗೊಂಡೇನಿ" ಎನ್ನುತ್ತಿದ್ದೆ.

"ಸುಳ್ಳ. ಕಟಗೊಂಡಾಂವನ ದನಿ ಹಿಂಗ ಇರೂದಿಲ್ಲ."

ನನಗೆ ಸಿಟ್ಟು ಬರುತ್ತಿತ್ತು. ಬೆವರು ಸುರಿಸಿ ಮಗ್ಗ ನಡೆಸುವವನು ನಾನು. ದಂಡೆಯಲ್ಲಿ ಕುಳಿತು ಸಮುದ್ರದ ಗಾಳಿ ಕುಡಿಯುತ್ತ ನನ್ನ ಮೇಲೆ ಕಾವಲು ಹಾಕುವವನು ಅವನು. ನಂಬಿಕೆ ಇಲ್ಲದಿದ್ದರೆ ಪಾಲು ಬಿಡಿಸಿಕೊಳ್ಳಲಿ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಗ್ಗ ನಡೆಸಿದ ಗಂಡಸು ನಮ್ಮ ಓಣಿಯಲ್ಲಿ ಯಾರಿದ್ದಾರೆ? ಹೆಂಡತಿಗೆ ಹೇಳಿಕೊಂಡರೆ ಅವಳು ನನ್ನ ಪಕ್ಷ ವಹಿಸಲಿಲ್ಲ.

"ಅವ್ರು ಹೇಳೂದ್ರಾಗ ತಪ್ಪೇನೈತ್ರೀ? ರಾತ್ರಿಯೆಲ್ಲಾ ಕೆಮ್ಮತೀರಿ. ಒಮ್ಮೆ ತೋರಿಸಿ ಬರ್ರಿ."

"ಏ, ಅದು ಹವಾ ಬದಲಾಗೇತಿ, ಅದಕ್ಕ" ಎಂದು ನಾನು ಎದ್ದುಹೋದೆ.

ನಾಯಿಯನ್ನು ಮಲಗಿಸುವ ಕೆಲಸದಲ್ಲಿ ರಜೆ ಇರುವುದಿಲ್ಲ ಎನ್ನುವುದು ತಿಳಿದದ್ದು ಅಮಾವಾಸ್ಯೆಗೆ. ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ. ಮಾಮಾನಿಗೆ ಇದು ಗೊತ್ತು, ಆದರೆ ನಾಯಿಗೆ ಯಾವ ಪಂಚಾಂಗ? ನಾನು ಹಿಂದಿನ ದಿನವೇ ಜಾಣತನ ಮಾಡಿದೆ. ಷೆಡ್ಡಿನ ಸಪ್ಪಳವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಮುಂಜಾನೆ ಅದನ್ನೇ ಹಚ್ಚಿ, ಹೋಳಿಗೆ ಊಟಕ್ಕೆ ಕುಳಿತೆ. ಒಂದು ತುತ್ತು ಬಾಯಿಗೆ ಹೋಗುವುದರೊಳಗೆ ಮಾಮಾನ ದನಿ.

"ನಾಯಿ ಎದ್ದು ಕುಂತೇತಿ. ಅದಕ್ಕ ಗೊತ್ತಾತು."

"ಅದss ಮಗ್ಗ, ಅದss ಸಪ್ಪಳ. ಹೆಂಗ ಗೊತ್ತಾತು?"

"ರೆಕಾರ್ಡ್‌ದಾಗ ನೀ ಇಲ್ಲ."

ಹೌದು, ರೆಕಾರ್ಡ್ ಮಾಡುವಾಗ ನಾನು ಹೊರಗೆ ಚಹಾ ಕುಡಿಯುತ್ತಿದ್ದೆ. ನೇಕಾರರಿಗೆ, ಮಗ್ಗಗಳಿಗೆ ನಾನು ದಿನವೂ ಹಾಕುವ ಬೈಗುಳ ಕೇಳದೆ ಆ ನಾಯಿಗೆ ನಿದ್ದೆ ಹತ್ತುವುದಿಲ್ಲ ಎಂದು ತಿಳಿದು ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯಾಯಿತು. ಹೋಳಿಗೆ ಬಿಟ್ಟು ಎದ್ದು, ಖಾಲಿ ಷೆಡ್ಡಿನಲ್ಲಿ ನಿಂತು, ನಿಂತ ಮಗ್ಗಗಳಿಗೆ ಗಟ್ಟಿಯಾಗಿ ಬೈದೆ. ಹಾದುಹೋಗುತ್ತಿದ್ದ ಓಣಿಯವರು ಒಳಗೆ ಇಣುಕಿ ನೋಡಿ, ಮಾಮಾನ ಗಾಳಿ ಅಳಿಯನಿಗೂ ತಾಗಿದೆ ಎಂದುಕೊಂಡು ಹೋದರು.

ಹೀಗೆ ಎರಡು ಮೂರು ತಿಂಗಳು ಹೇಗೋ ನಡೆದಿತ್ತು. ಆಮೇಲೆ ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು.

ಸಂಜೆಯೊಳಗೆ ಕರೆಂಟು ಬರುತ್ತದೆ ಎಂದರು. ಬರಲಿಲ್ಲ. ನಾಳೆ ಎಂದರು. ನಾಳೆಯೂ ಕಂಬದ ಮೇಲೆ ಬರಿಯ ಕಾಗೆ ಕುಳಿತಿತ್ತು. ಷೆಡ್ಡಿನಲ್ಲಿ ಆ ಮೌನ ಎಂಥದ್ದು ಎಂದರೆ ಹಲ್ಲಿ ಲೊಚಗುಟ್ಟಿದ್ದೂ ಕೇಳಿಸುತ್ತಿತ್ತು. ಅಷ್ಟರಲ್ಲಿ ಮಾಮಾನ ಫೋನು ಬಂತು.

"ಲಾಳಿ ನಿನ್ನೀನೂ ಮಲಗಿಲ್ಲ, ಇವತ್ತೂ ಮಲಗಿಲ್ಲ. ಬಾಯಿ ಬಾಗಲದಾಗ ಬಂದು ನಿಂತಾಳ. ನಾ ಟಿಕೆಟ್ ನೋಡಾಕತ್ತೇನಿ."

"ಮಾಮಾ, ಒಂದ ದಿವಸ ತಡಿ. ಏನರೆ ಮಾಡತೇನಿ."

"ಏನ ಮಾಡತಿ? ಕರೆಂಟ್ ನೇಯತಿಯೇನು?"

ಟಿಕೆಟ್ ಎನ್ನುವ ಒಂದೇ ಶಬ್ದ ನನ್ನ ಕಿವಿಯಲ್ಲಿ ಸುತ್ತತೊಡಗಿತು. ಅವನು ಬೆಳಗಾವಿಯಲ್ಲಿ ಇಳಿದರೆ ಮನೆಗೆ ಬರುವವನಲ್ಲ, ಚೀಲ ಹಿಡಿದುಕೊಂಡೇ ಷೆಡ್ಡಿಗೆ ಬರುವವನು. ನನಗೆ ನೆನಪಾದದ್ದು ಖಾನಾಪುರದ ಭಾವ, ಅಂದರೆ ಹೆಂಡತಿಯ ಅಣ್ಣ. ಅವನದು ಹಿಟ್ಟಿನ ಗಿರಣಿ. ಸಪ್ಪಳಕ್ಕೆ ಅಲ್ಲೇನು ಬರಗಾಲ? ಗಾಡಿ ಹತ್ತಿ, ಮಾಮಾನಿಗೆ ಫೋನು ಹಚ್ಚಿ, ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಖಾನಾಪುರ ಮುಟ್ಟಿದೆ.

"ಬರ್ರಿ ದಾಜಿ, ಕುಂದರ್ರಿ. ಚಾ ತರಸ್ತೇನಿ" ಎಂದ ಭಾವ. ತಂಗಿಯ ಗಂಡನಾದ ನಾನು ಅವನಿಗೆ ಎಂದಿಗೂ ದಾಜಿಯೇ.

"ಚಾ ಬ್ಯಾಡ. ಗಿರಣಿ ಚಾಲೂ ಮಾಡು. ನಾಯಿ ಮಲಗಬೇಕಾಗೇತಿ."

ಭಾವ ನನ್ನ ಸುತ್ತಮುತ್ತ ನೋಡಿದ. "ನಾಯಿ ಎಲ್ಲಿ ಐತಿ?"

"ಪೋರ್ಚುಗಲ್‌ದಾಗ."

ಅವನು ನನ್ನ ಕೈ ಹಿಡಿದು ಕೂರಿಸಿ, "ದಾಜಿ, ಮೊದಲ ಊಟಾ ಮಾಡೂಣು, ಆಮ್ಯಾಲ ಮಾತಾಡೂಣು" ಎಂದ. ಆದರೂ ಒಳ್ಳೆಯ ಮನುಷ್ಯ, ಗಿರಣಿ ಶುರು ಮಾಡಿದ. ನಾನು ಹಿಟ್ಟು ಹಾರುವ ಕಡೆಗೇ ಫೋನು ಹಿಡಿದು ನಿಂತೆ. ಅತ್ತ ಕಡೆಯಿಂದ ಆಕಾಶ ಹರಿದುಬೀಳುವಂಥ ಊಳು. ಜೋಳ ಬೀಸಿಸಲು ಬಂದಿದ್ದ ಮುದುಕಿಯೊಬ್ಬಳು ಡಬ್ಬಿ ಕೆಳಗಿಟ್ಟು ಹತ್ತಿರ ಬಂದು, "ಕೂಸಿಗೆ ಹೊಟ್ಟಿ ನೋಯಾಕತ್ತಿರಬೇಕೊ ತಮ್ಮಾ. ಓಂಕಾಳ ನೀರ ಕುಡಸಂತ ಹೇಳು ತಾಯಿಗೆ" ಎಂದಳು. ಉತ್ತರ ಕೊಡೋಣವೆಂದರೆ ಹಿಟ್ಟಿನ ಧೂಳು ಗಂಟಲಿಗೆ ಹೋಗಿ ನನಗೆ ಕೆಮ್ಮು ಹತ್ತಿತು. ಹತ್ತಿದ್ದು ಬಿಡಲೊಲ್ಲದು. ಕಣ್ಣಲ್ಲಿ ನೀರು ಬಂದು, ಗೋಡೆ ಹಿಡಿದು ನಿಂತೆ.

ಫೋನಿನಲ್ಲಿ ಮಾಮಾನ ದನಿ ಬದಲಾಗಿತ್ತು. "ಹೊರಗ ಬಾ. ಅಲ್ಲಿಂದ ಹೊರಗ ಬಾ ಮೊದಲ."

"ನಾಯಿ?"

"ಹೊರಗ ಬಾ ಅಂದ್ರ ಬಾ."

ಗಿರಣಿಯ ಕೈ ಬಿಟ್ಟು, ಸೋತ ಮುಖ ಮಾಡಿಕೊಂಡು ಶಹಾಪುರಕ್ಕೆ ಬಂದೆ. ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಯೋಚನೆ: ಕರೆಂಟಿಲ್ಲದೆ ನಡೆಯುವ ಮಗ್ಗ ಯಾವುದು? ಮನೆಯ ಹೊಸ್ತಿಲು ದಾಟುವಾಗ ಹೊಳೆಯಿತು. ನಮ್ಮ ಹಿತ್ತಲ ಕೋಣೆಯಲ್ಲಿ ಅಜ್ಜನ ಕುಣಿಮಗ್ಗವಿದೆ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಕೈಯಿಂದ ನೇಯುವ ಮಗ್ಗ. ಅಜ್ಜ ಹೋದ ಮೇಲೆ ಅದರ ಮೇಲೆ ಹಳೆಯ ಹಾಸಿಗೆ, ತೂತಾದ ಬುಟ್ಟಿ, ಮುರಿದ ಫ್ಯಾನು ಬಿದ್ದುಕೊಂಡಿದ್ದವು. ಮರುದಿನ ಮುಂಜಾನೆ ಎದ್ದವನೇ ಎಲ್ಲವನ್ನೂ ಹೊರಗೆಸೆದು, ಧೂಳು ಝಾಡಿಸಿ, ಫೋನನ್ನು ಬಾಜುವಿಗೆ ಇಟ್ಟುಕೊಂಡು ಕುಣಿಯಲ್ಲಿ ಇಳಿದೆ. ಹಾಸಿಲ್ಲ, ಹೊಕ್ಕಿಲ್ಲ, ಒಂದು ಎಳೆ ನೂಲಿಲ್ಲ. ಹಗ್ಗ ಜಗ್ಗಿದರೆ ಬರಿಯ ಲಾಳಿ ಅತ್ತ ಹೋಗಿ ಇತ್ತ ಬರುತ್ತಿತ್ತು, ಅಷ್ಟೇ. ದುಡಿಮೆಗೆ ಹೆಸರಾದ ನಾನು, ಜೀವನದಲ್ಲಿ ಮೊದಲ ಸಲ, ಏನನ್ನೂ ನೇಯದೆ ಮುಂಜಾನೆಯಿಂದ ನೇಯುತ್ತ ಕುಳಿತೆ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಸೀರಿ ಚಂದ ಬಂದೈತ್ರೀ. ನನಗೊಂದ ಇರಲಿ."

"ಸುಮ್ಮನಿರು. ಮಾಮಾ, ಹೆಂಗೈತಿ? ಮಲಗೇತೇನು?"

"ನಡೀಲಿ" ಎಂದ ಮಾಮಾ. ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ. ಊಳೂ ಇರಲಿಲ್ಲ. ನನಗೆ ಹುರುಪು ಬಂತು. ಟಕ್ ಟಕ್, ಟಕ್ ಟಕ್. ಪ್ರತಿ ಪೆಟ್ಟಿಗೂ ಹಳೆಯ ಮರದ ಸಂದಿನಿಂದ ಅಜ್ಜನ ಕಾಲದ ಧೂಳು ಏಳುತ್ತಿತ್ತು. ನಡುನಡುವೆ ಕೆಮ್ಮು ಬಂದರೆ, ನಾಯಿ ಎದ್ದೀತೆಂದು ತುಟಿ ಕಚ್ಚಿ ನುಂಗುತ್ತಿದ್ದೆ. ನುಂಗಿದ ಕೆಮ್ಮು ಎಲ್ಲಿಗೆ ಹೋಗುತ್ತದೆ? ಊಟದ ಹೊತ್ತಿನ ಸುಮಾರಿಗೆ ಅದೆಲ್ಲ ಒಟ್ಟಾಗಿ ಮೇಲೆ ಬಂತು. ಹಗ್ಗ ಕೈಬಿಟ್ಟಿತು. ಉಸಿರು ಒಳಗೆ ಹೋಗಲೊಲ್ಲದು, ಹೊರಗೆ ಬರಲೊಲ್ಲದು. ಹೆಂಡತಿ ಓಡಿಬಂದು ನೀರು ಕುಡಿಸಿ, ಬೆನ್ನು ತಿಕ್ಕಿದಳು. ನನಗೆ ಆ ಸ್ಥಿತಿಯಲ್ಲಿಯೂ ನಾಯಿಯದೇ ಚಿಂತೆ. ಮತ್ತೆ ಹಗ್ಗಕ್ಕೆ ಕೈ ಹಾಕಿದೆ.

"ನಿಲ್ಲಸು" ಎಂದ ಮಾಮಾ.

"ನಾಯಿ ಎದ್ದೀತು."

"ನಿಲ್ಲಸಲೇ. ವಿಡಿಯೋ ಹಚ್ಚು."

ಇಷ್ಟು ದಿನ ವಿಡಿಯೋ ಬೇಡವೆನ್ನುತ್ತಿದ್ದವನು ಅವನೇ. ಬೆಳಕಿಗೆ ಲಾಳಿ ಏಳುತ್ತದೆ ಎನ್ನುತ್ತಿದ್ದ. ಹಚ್ಚಿದೆ. ಅಲ್ಲಿ ಬೆಳಗಾಗಿತ್ತು. ಮಾಮಾನ ಮುಖ ಸೊರಗಿ, ಕಣ್ಣು ಕೆಂಪಾಗಿದ್ದವು. ಅವನು ಫೋನು ತಿರುಗಿಸಿದ. ಮನೆಯ ಮುಂದೆ ಮರಳು, ಮರಳಿನ ಮೇಲೆ ಬೋರಲು ಹಾಕಿದ ಒಂದು ದೋಣಿ, ದೋಣಿಯ ನೆರಳಲ್ಲಿ ನಾಲ್ಕೂ ಕಾಲು ಚಾಚಿಕೊಂಡು ಲಾಳಿ. ಪಕ್ಕದಲ್ಲೇ ಯಾರೋ ಮೀನಿನ ಬುಟ್ಟಿ ಎಸೆಯುತ್ತಿದ್ದರು, ಹಕ್ಕಿಗಳು ಕಿರುಚುತ್ತಿದ್ದವು, ಸಮುದ್ರ ಮೊರೆಯುತ್ತಿತ್ತು. ಅದು ಕಿವಿ ಸಹ ಅಲ್ಲಾಡಿಸಲಿಲ್ಲ. ಖಾನಾಪುರದ ಬಾಯಿ ಅದರ ತಲೆಯ ಹತ್ತಿರ ನೀರಿನ ಬಟ್ಟಲು ಇಟ್ಟು ಹೋದಳು.

"ಯಾವಾಗಿಂದ ಹಿಂಗ ಮಲಗತೈತಿ?" ಎಂದೆ.

"ಬಂದ ಒಂದ ತಿಂಗಳದಾಗ ಅದಕ್ಕ ಸಮುದ್ರ ರೂಢಿ ಆತು. ಈಗ ಬಾಯಿ ಕೈಯಾಗಿಂದನ ತಿಂತೈತಿ, ನನ್ನ ಮಾತ ಕೇಳೂದಿಲ್ಲ."

"ಮತ್ತ ಆ ಊಳು? ನಿನ್ನಿ ಗಿರಣ್ಯಾಗ?"

"ಅದಕ್ಕ ಗಿರಣಿ ಸಪ್ಪಳ ಸೇರಲಿಲ್ಲ. ಅದೊಂದ ಖರೇ."

ನನ್ನ ಸಿಟ್ಟು ನೆತ್ತಿಗೇರಿತು. ದಿನವೂ ಫೋನು ಹಚ್ಚಿದ್ದು, ಅಮಾವಾಸ್ಯೆಗೆ ಹೋಳಿಗೆ ಬಿಟ್ಟು ಎದ್ದದ್ದು, ಖಾನಾಪುರದಲ್ಲಿ ಜನರ ಮುಂದೆ ಮರ್ಯಾದೆ ಕಳೆದುಕೊಂಡದ್ದು ಎಲ್ಲ ಕಣ್ಣ ಮುಂದೆ ಬಂತು. "ಅಂದ್ರ ನನ್ನ ಮ್ಯಾಲ ಕಾವಲಾ ಇಟ್ಟಿದ್ದಿಯಲ್ಲಾ? ನಾ ದುಡಿಯೂದಿಲ್ಲ ಅಂತ ತಿಳದಿಯೇನು?"

"ಹೂಂ, ಕಾವಲಾ ಇಟ್ಟಿದ್ದೆ" ಎಂದ ಮಾಮಾ. ಆಮೇಲೆ ಶೀಟಿ ಹೊಡೆಯುವ ಉಸಿರನ್ನು ಎಳೆದುಕೊಳ್ಳಲು ಸ್ವಲ್ಪ ತಡೆದ. "ಮೊದಲ ನಾಯಿ ಸಲುವಾಗೇ ಫೋನ್ ಹಚ್ಚಿಸಿದ್ದೆ. ಒಂದಿನ ಮಗ್ಗದ ಸಪ್ಪಳದಾಗ ನಿನ್ನ ಕೆಮ್ಮು ಕೇಳಿಸ್ತು. ಒಣಾ ಕೆಮ್ಮು. ಸೂಟಿ ಮುಗದ ಸ್ವಾಮಾರ ಮುಂಜಾನೆ ಜೋರ, ಶನಿವಾರಕ್ಕ ಕಮ್ಮಿ. ನಂದೂ ಹಂಗ ಚಾಲೂ ಆಗಿತ್ತಲೇ. ಆವಾಗ ಅದನ್ನ ಕೇಳಾವ್ರು ಯಾರೂ ಇದ್ದಿಲ್ಲ."

ಹೆಂಡತಿ ನನ್ನ ಬೆನ್ನ ಮೇಲಿನ ಕೈ ತೆಗೆಯಲಿಲ್ಲ.

"ಬಾಯಿಲೆ ಹೇಳಬೇಕಿಲ್ಲೇನು?" ಎಂದೆ.

"ಹೇಳಿದ್ದರ ಕೇಳತಿದ್ದಿಯೇನು? ಅರಿವಿ ಕಟಗೋ ಅಂದ್ರ ಸುಳ್ಳ ಹೇಳಾಂವ ನೀ. ಫೋನ್ ಕಿತ್ತಿ ಒಗೀತಿದ್ದಿ. ಕರೆಂಟ್ ಹೋದ ಮ್ಯಾಲ ನನಗ ಒಂದ ನೋಡಬೇಕಾಗಿತ್ತು: ಮಗ್ಗ ನಿಂತಾಗೂ ಕೆಮ್ಮು ಬರತೈತೇನು, ಇಲ್ಲೇನು? ಅದಕ್ಕ ಬಾಯಿ ಹೆಸರಲೆ ಸುಳ್ಳ ಹೇಳಿದೆ. ನಿನ್ನಿ ಬಂತು. ಇವತ್ತ ನೀ ನುಂಗಿದ್ದೂ ಕೇಳಿಸ್ತು ನನಗ."

"ಮತ್ತ ಟಿಕೆಟ್?"

"ಟಿಕೆಟ್ ನೋಡಿದ್ದು ಸುಳ್ಳಲ್ಲ. ನಾಳೆ ಸಂಜೀಕ ನೀ ಡಾಕ್ಟರ ಕಡೆ ಹೋಗಲಿಲ್ಲಂದ್ರ ತಗದಬಿಡತೇನಿ. ಬಂದು ಷೆಡ್ಡಿನ್ಯಾಗ ನಿನ್ನ ಬಾಜೂಕ ಕುಂದರತೇನಿ. ಇಬ್ಬರೂ ಕೂಡೇ ಕೆಮ್ಮೂಣು."

ಅವನು ಮಾಡುವವನೇ. ನಾಯಿಯನ್ನು ಪೋರ್ಚುಗಲ್ಲಿಗೆ ಒಯ್ದವನು ಇದನ್ನು ಮಾಡುವುದಿಲ್ಲ ಎಂದು ಯಾವ ಧೈರ್ಯದ ಮೇಲೆ ಹೇಳಲಿ?

ಮರುದಿನ ಸಂಜೆ ಡಾಕ್ಟರ ಮುಂದೆ ಕುಳಿತೆ. ಮಾಮಾನನ್ನು ನೋಡಿದ ಅದೇ ಡಾಕ್ಟರು. ನಾನು ಷೆಡ್ಡಿನ ಒಳಗನ್ನು ಬಿಟ್ಟು ಹೊರಗಿನ ಕಟ್ಟೆಗೆ ಬಂದದ್ದು ಅಂದಿನಿಂದಲೇ. ಅಂಗಿಯ ಕಿಸೆಯಲ್ಲಿ ಫೋನು ಚಾಲೂ ಇತ್ತು. ಅದು ಮಾಮಾ ಹಾಕಿದ ಷರತ್ತು. ಒಳಗಿನಿಂದ ಸಮುದ್ರದ ಮೊರೆತ, ಅದರ ಮೇಲೆ ಆ ಸಣ್ಣ ಶೀಟಿಯ ಉಸಿರು ಕೋಣೆಗೆಲ್ಲ ಕೇಳುತ್ತಿತ್ತು.

"ಫೋನ್ ಬಂದ್ ಮಾಡ್ರಿ" ಎಂದರು ಡಾಕ್ಟರು.

"ಬಂದ್ ಮಾಡಿದ್ರ ಅವ್ರು ವಿಮಾನ ಹತ್ತತಾರ್ರೀ."

ಡಾಕ್ಟರು ಆ ಶೀಟಿಯನ್ನು ಒಂದು ಗಳಿಗೆ ಆಲಿಸಿದರು. ಗುರುತು ಹತ್ತಿರಬೇಕು, ಮತ್ತೆ ಬಂದ್ ಮಾಡಿರೆಂದು ಹೇಳಲಿಲ್ಲ. ಸ್ಟೆತಸ್ಕೋಪು ತೆಗೆದು ಕಿಸೆಯ ಪಕ್ಕದಲ್ಲಿ, ನನ್ನ ಎದೆಯ ಮೇಲೆ ಇಟ್ಟರು.

"ಜೋರಾಗಿ ಉಸರ ತಗೋರಿ. ಹಾಂ. ಈಗ ಹಿಡೀರಿ."

ನಾನು ಹಿಡಿದೆ. ಕಿಸೆಯಲ್ಲಿ ಶೀಟಿಯೂ ನಿಂತಿತು. ಡಾಕ್ಟರು "ಬಿಡ್ರಿ" ಎನ್ನುವತನಕ ಅಲ್ಲಿ ಬರಿಯ ಸಮುದ್ರ ಕೇಳುತ್ತಿತ್ತು.